ಹನ್ನೊಂದು ಬಾಯಿ, ಒಂದು ಹೂಂ

ನನ್ನ ಕೆಲಸ ಕೇಳುವುದು. ಬೆಳಿಗ್ಗೆ ಆರಕ್ಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಮಧ್ಯಾಹ್ನ ಎರಡರವರೆಗೆ ಗಣಿಯೊಳಗಿನ ನೂರ ನಲವತ್ತು ಜನ ಆಡುವ ಮಾತೆಲ್ಲ ನನ್ನ ತಲೆಯೊಳಗೆ ಹಾದುಹೋಗುತ್ತದೆ. ಅದರಲ್ಲಿ ಬೇಕಾದದ್ದನ್ನು ಹೆಕ್ಕಿ ಮೇಸ್ತ್ರಿಗೋ, ಎಂಜಿನಿಯರಿಗೋ, ಆಸ್ಪತ್ರೆಗೋ ಮುಟ್ಟಿಸಬೇಕು. ಇದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಲ್ಯಾಂಪ್ ರೂಮಿನ ಕಿಟಕಿಯಲ್ಲಿ ನಿಂತು, ಕೆಳಗಿಳಿಯುವವರಿಗೆ ತಲೆದೀಪ ಕೊಡುತ್ತಿದ್ದೆ. ಓದಿದ್ದು ಏಳನೆಯ ತರಗತಿ. ಎಲ್ಲರ ಮುಖ ಗೊತ್ತು, ಎಲ್ಲರ ದನಿ ಗೊತ್ತು ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಂಟ್ರೋಲ್ ರೂಮಿನ ಕುರ್ಚಿಯ ಮೇಲೆ ಕೂರಿಸಿದರು. ಕೂತು ಆರು ವರ್ಷವಾಯಿತು. ಮನೆಗೆ ಹೋದ ಮೇಲೂ ಕಿವಿಯಲ್ಲಿ ಜನ ಮಾತಾಡುತ್ತಲೇ ಇರುತ್ತಾರೆ.

ನಮ್ಮ ಗಣಿ ಈಗ ಮೂರೂವರೆ ಕಿಲೋಮೀಟರ್ ಆಳಕ್ಕೆ ಇಳಿದಿದೆ. ಮೇಲಿನ ಚಿನ್ನ ಅಜ್ಜಂದಿರ ಕಾಲಕ್ಕೇ ಮುಗಿಯಿತು. ಈಗ ತೆಗೆಯುವುದು ಬ್ಯಾಟರಿಗೆ ಬೇಕಾದ ಲೋಹ. ಅಷ್ಟು ಆಳಕ್ಕೆ ತಂತಿ ಎಳೆದರೆ ಸಿಡಿಮದ್ದು ಹಾರಿದಾಗಲೆಲ್ಲ ಹರಿಯುತ್ತದೆ, ಕಲ್ಲು ಬಿದ್ದಾಗಲೆಲ್ಲ ಹರಿಯುತ್ತದೆ. ಅದಕ್ಕೆ ಪ್ರತಿಯೊಬ್ಬನ ತಲೆದೀಪದ ಹಿಂದೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ ಕೂರಿಸಿದ್ದಾರೆ. ಅದು ಪಕ್ಕದವನ ಮಾತನ್ನು ಹಿಡಿದು ಮುಂದಿನವನಿಗೆ ದಾಟಿಸುತ್ತದೆ. ಆ ಮುಂದಿನವನ ಡಬ್ಬಿ ಅದರ ಮುಂದಿನವನಿಗೆ. ಮಾಳಿಗೆಗೆ ಕಾಂಕ್ರೀಟ್ ಹಾಕುವಾಗ ಸಾಲಾಗಿ ನಿಂತು ಬುಟ್ಟಿ ಸಾಗಿಸುವುದಿಲ್ಲವೆ, ಹಾಗೆ. ಕಂಬವೂ ಇಲ್ಲ, ತಂತಿಯೂ ಇಲ್ಲ. ಮನುಷ್ಯನೇ ಕಂಬ.

ಬುಟ್ಟಿ ಸಾಗಿಸುವಾಗ ಒಬ್ಬನ ಕೈಗೆ ಎರಡು ಕಡೆಯಿಂದ ಎರಡು ಬುಟ್ಟಿ ಒಮ್ಮೆಗೇ ಬಂದರೆ ಎರಡೂ ಕೆಳಗೆ. ಡಬ್ಬಿಗಳ ಕಷ್ಟವೂ ಅದೇ. ದೂರದವನ ಮಾತು ಹನ್ನೆರಡು ತಲೆ ದಾಟಿ ಬರುತ್ತಿರುವಾಗ ನಡುವಿನವನು ಬಾಯಿಬಿಟ್ಟರೆ ಎರಡೂ ಕಲಸಿಹೋಗಿ ನನ್ನ ಕಿವಿಗೆ ಬರಿ ಕೊರಕೊರ. ಬಾಯಿ ಮುಚ್ಚಿಸೋಣವೆಂದರೆ ಡಬ್ಬಿಗೆ ಬಟನ್ ಇಲ್ಲ. ಕಲ್ಲಿನಡಿ ಸಿಕ್ಕವನ ಕೈ ಬಟನ್ನಿಗೆ ಹೋಗದಿದ್ದರೆ ಎಂದು, ದನಿ ಕೇಳಿದರೆ ತಾನೇ ತೆರೆದುಕೊಳ್ಳುವಂತೆ ಮಾಡಿದ್ದರು. ಒಳ್ಳೆಯ ಯೋಚನೆಯೇ. ಆದರೆ ಒಂದು ದಿನ ಮೂವತ್ತಾರನೆಯ ಲೆವೆಲ್ಲಿನಿಂದ, ಅಂದರೆ ಅಷ್ಟನೆಯ ಅಂತಸ್ತಿನ ಸುರಂಗದಿಂದ, ಯಾರೋ ತೊಲೆ ಬಾಗಿದೆ ಎಂದು ಕೂಗಿದ್ದು ನನಗೆ ಕೊರಕೊರ ಎಂದಷ್ಟೇ ಕೇಳಿಸಿತು. ನಾನು ಯಾರನ್ನೂ ತಡೆಯಲಿಲ್ಲ. ಇಬ್ಬರು ಅದರಡಿ ನಡೆದು ಹೋದರು. ಒಬ್ಬನ ಹೆಗಲು ಮುರಿಯಿತು.

ಆಮೇಲೆ ಡಬ್ಬಿಗಳನ್ನು ಸರಿಪಡಿಸಲು ಹಂಚಿನಮನಿ ಮೇಡಂ ಎಂಬ ಎಂಜಿನಿಯರ್ ಬಂದರು. ಧಾರವಾಡ ಕಡೆಯವರು, ಮೂವತ್ತೈದರ ಆಸುಪಾಸು, ಊಟದ ಡಬ್ಬಿ ತೆರೆಯಲು ಮರೆತು ಹಾಗೇ ವಾಪಸ್ ಒಯ್ಯುವಂಥ ಹೆಣ್ಣುಮಗಳು. ಹತ್ತು ದಿನ ನನ್ನ ಪಕ್ಕದಲ್ಲಿ ಕೂತು, ಕೆಳಗಿನಿಂದ ಬಂದ ಪ್ರತಿ ದನಿಯನ್ನೂ ಯಂತ್ರಕ್ಕೆ ಹಾಕಿ ವಿಂಗಡಿಸಿದರು. ಹನ್ನೊಂದನೆಯ ದಿನ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

"ಶರಬಕ್ಕಾರ, ಸಾವಿರ ದನಿಯೊಳಗ ಆರುನೂರು ಬರೀ ಹೂಂ ಅದಾವ ನೋಡ್ರಿ."

"ಅಂದ್ರ?"

"ಒಬ್ಬರು ಏನರ ಹೇಳ್ತಾರ, ಉಳಿದವರು ಹೂಂ ಅಂತಾರ. ಒಂದು ಮಾತಿಗೆ ನಾಕು ಮಂದಿ ಹೂಂ. ಆ ಹೂಂಗಳೇ ಒಂದರ ಮ್ಯಾಲೊಂದು ಬಿದ್ದು ಮಾತು ಕೆಡಸಾಕತ್ತಾವ."

ನನಗೆ ನಗು ಬಂತು. ಹೌದು, ನಮ್ಮ ಕಡೆ ಒಬ್ಬ ಮಾತಾಡುವಾಗ ಇನ್ನೊಬ್ಬ ಹೂಂ ಎನ್ನಲೇಬೇಕು. ಎನ್ನದಿದ್ದರೆ ಹೇಳುವವನು ನಿಲ್ಲಿಸಿ, ನಿದ್ದೆ ಬಂತೇನು ಎಂದು ಕೇಳುತ್ತಾನೆ. ಕತ್ತಲಲ್ಲಿ ಕೆಲಸ ಮಾಡುವವರಿಗೆ ಆ ಚಟ ಇನ್ನೂ ಜಾಸ್ತಿ.

"ಒಂದು ಕೇಳ್ತೀನ್ರಿ. ನಿಮಗ ಈ ಜನ ಗೊತ್ತು, ನನಗ ಯಂತ್ರ ಗೊತ್ತು. ಈ ಹೂಂ ಅನ್ನೋದಕ್ಕ ಏನರ ಅರ್ಥ ಐತೇನ್ರಿ?"

ನಾನು ಯೋಚಿಸಲೇ ಇಲ್ಲ. ಆರು ವರ್ಷದ ಸದ್ದು ತಲೆಯೊಳಗೆ ತುಂಬಿಕೊಂಡು ಕೂತಿದ್ದೆ. "ಅರ್ಥ ಏನಿರ್ತದ್ರಿ ಮೇಡಂ. ಉಸಿರಾಡಿದಂಗ ಅದು. ಬಾಯಿ ತಾನ ಅಂತದ."

"ಹಂಗಾರ ತಗದ್ರ ತೊಂದರಿ ಇಲ್ಲ?"

"ತಗದುಬಿಡ್ರಿ. ನನ್ನ ತಲಿನೂ ಹಗುರಾಗ್ತದ."

ಅವರು ಅದನ್ನು ಬರೆದುಕೊಂಡರು. ಕೆಳಗೆ ನನ್ನ ಹೆಸರು ಹಾಕಿದರು: ಶರಬಮ್ಮ, ಕಂಟ್ರೋಲ್ ರೂಮ್.

*

ಯಂತ್ರಕ್ಕೆ ನಮ್ಮವರ ಹೂಂಗಳನ್ನೆಲ್ಲ ಕಲಿಸಿದರು. ಗಂಡಸರ ಹೂಂ, ಹೆಂಗಸರ ಹೂಂ, ಗುಟ್ಕಾ ಬಾಯಿಯ ಹೂಂ, ಬೇಸರದ ಹೂಂ. ಆ ಸದ್ದು ಬಂದ ಕೂಡಲೇ ಡಬ್ಬಿ ಅದನ್ನು ಮುಂದೆ ಸಾಗಿಸದೆ ಅಲ್ಲೇ ಬಿಸಾಡುತ್ತದೆ. ಕೆಮ್ಮು, ಸೀನು, ಸುಮ್ಮನೆ ಗುನುಗುವುದು, ಎಲ್ಲವೂ ಅದೇ ದಾರಿ. ಜನ ಅದಕ್ಕೆ ಜರಡಿ ಎಂದು ಹೆಸರಿಟ್ಟರು.

ಜರಡಿ ಹಾಕಿದ ಮೊದಲ ದಿನ ನಾನು ಹೆಡ್‌ಫೋನ್ ಕೆಟ್ಟಿತೆಂದು ಎರಡು ಸಲ ತೆಗೆದು ನೋಡಿದೆ. ಅಷ್ಟು ಸ್ವಚ್ಛ. ಮೂವತ್ತೆಂಟನೆಯ ಲೆವೆಲ್ಲಿನ ಕೊನೆಯಿಂದ ಒಬ್ಬ ಬೆಣೆ ಬೇಕು ಎಂದರೆ ಪಕ್ಕದಲ್ಲಿ ಕೂತು ಹೇಳಿದಂತೆ ಬಂತು. ಮಧ್ಯಾಹ್ನ ಮನೆಗೆ ಹೋಗಿ, ತಲೆನೋವಿನ ಗುಳಿಗೆ ನುಂಗದೆ ಮಲಗಿದೆ. ಹಾಗೆ ಮಲಗಿ ಎಷ್ಟೋ ವರ್ಷವಾಗಿತ್ತು.

ಕೆಳಗಿನವರು ಮೊದಮೊದಲು ತೊಳಲಾಡಿದರು. ಒಂದು ಮಾತು ಹೇಳುವುದು, "ಕೇಳಿಸ್ತೇನು?" ಎನ್ನುವುದು. ಮತ್ತೊಂದು ಮಾತು, ಮತ್ತೆ "ಕೇಳಿಸ್ತೇನು?" ಇದರಿಂದ ಸದ್ದು ಮತ್ತೆ ಏರಿತು. ಮೇಡಂ ಅದಕ್ಕೂ ಉಪಾಯ ಮಾಡಿದರು. ಎಲ್ಲರ ಮಣಿಕಟ್ಟಿಗೆ ಒಂದು ಸಣ್ಣ ಹಸಿರು ದೀಪ. ಮಾತು ಮೇಲೆ ತಲುಪಿದರೆ ಮಿನುಗುತ್ತದೆ. ಹದಿನೈದು ದಿನದಲ್ಲಿ ಜನ ಒಗ್ಗಿಕೊಂಡರು. ಹೂಂ ಎಂದರೂ ಹೋಗುವುದಿಲ್ಲ ಎಂದಮೇಲೆ ಎನ್ನುವುದನ್ನೇ ಬಿಟ್ಟರು. ಮಾತುಗಳು ಚಿಕ್ಕವಾದವು. "ಬೆಣೆ ಎರಡು." "ನೀರು ಬಂದದ." "ಊಟಕ್ಕ ಬಿಟ್ವಿ."

ನಾನೂ ಒಗ್ಗಿಕೊಂಡೆ. ಎಷ್ಟು ಎಂದರೆ, ಒಂದು ಸಂಜೆ ನಾನು ಹೆಸರುಕಾಳು ಹಸನು ಮಾಡುತ್ತಿದ್ದಾಗ ನಮ್ಮ ಮನೆಯವರು ಹಳೆಯದೇನೋ ಹೇಳಲು ಶುರುಮಾಡಿದರು. ಅವರೂ ಗಣಿಯಲ್ಲೇ ದುಡಿದವರು. ಎದೆಯಲ್ಲಿ ಕಲ್ಲುಪುಡಿ ಕೂತು ಐದು ವರ್ಷದ ಹಿಂದೆ ಕೆಲಸ ಬಿಟ್ಟರು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರಿಗಾಗಿ ನಿಲ್ಲಬೇಕು. ಹೇಳುತ್ತ ಹೇಳುತ್ತ ನಿಂತವರು ಮುಂದುವರಿಸಲೇ ಇಲ್ಲ.

"ಮುಂದ?" ಎಂದೆ.

"ನೀ ಎಲ್ಲಿ ಕೇಳಾಕತ್ತೀ."

"ಕೇಳಾಕತ್ತೀನಲ್ಲ."

"ಇರಲಿ ಬಿಡು," ಎಂದು ಎದ್ದುಹೋಗಿ ಟಿವಿ ಹಾಕಿದರು.

ನನಗೆ ಸಿಟ್ಟು ಬಂತು. ದಿನವಿಡೀ ಊರಿನ ಮಾತು ಕೇಳಿ ಬಂದವಳಿಗೆ ಮನೆಯಲ್ಲೂ ಪರೀಕ್ಷೆ.

ಅದೇ ವಾರ ಈರಮ್ಮ ಬಂದಳು. ಅವಳ ಗಂಡ ಹುಲಿಗೆಪ್ಪ ಮೂವತ್ತೆಂಟನೆಯ ಲೆವೆಲ್ಲಿನಲ್ಲಿ ತೊಲೆ ನಿಲ್ಲಿಸುವವನು. ಅವನ ಬಾಯಿ ಇಡೀ ಗಣಿಗೆ ಗೊತ್ತು. ಕಂಬಕ್ಕೆ ಬೆಣೆ ಬಡಿಯುತ್ತ ಬಡಿಯುತ್ತ, ಸೋದರಮಾವನ ಲಗ್ನದ ಕಥೆಯನ್ನು ಮೂರು ಶಿಫ್ಟು ಎಳೆಯುತ್ತಿದ್ದ. ಅವನ ಜೋಡಿ ಲಾಲಸಾಬ ಹದಿನಾರು ವರ್ಷದಿಂದ ಅವನಿಗೆ ಹೂಂ ಹಾಕಿಕೊಂಡು ಬಂದವನು.

"ಅಕ್ಕಾ, ನಮ್ಮನಿಯಾಂವ ಮಾತು ಬಿಟ್ಟಾನ," ಎಂದಳು ಈರಮ್ಮ. ಕಟ್ಟೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು. "ಉಣ್ಣಂದ್ರ ಉಣ್ತಾನ, ಮಲಗಂದ್ರ ಮಲಗ್ತಾನ. ಏನಾಗೇತಿ ಅಂದ್ರ, ಮಾತಾಡಿ ಮಾತಾಡಿ ಹುಚ್ಚನಂಗ ಅನಸ್ತದ ಅಂತಾನ. ಕೆಳಗ ಯಾರರ ಏನರ ಅಂದ್ರೇನು?"

"ಯಾರೂ ಏನೂ ಅಂದಿಲ್ಲ."

"ಮೊದಲ ಅವನ ಬಾಯಿ ಮುಚ್ಚಲಿ ಅಂತ ಹರಕಿ ಹೊತ್ತಿದ್ದೆ. ಈಗ ತೆರೀಲಿ ಅಂತ ಹೊರಬೇಕು ನೋಡು."

ಇಬ್ಬರೂ ನಕ್ಕೆವು. ಅವಳು ಎದ್ದುಹೋದ ಮೇಲೆ ನಾನು ನೆನಪು ಮಾಡಿಕೊಂಡೆ. ಹುಲಿಗೆಪ್ಪನ ದನಿ ನನ್ನ ಹೆಡ್‌ಫೋನಿನಲ್ಲಿ ಕೇಳಿ ಎಷ್ಟು ದಿನವಾಯಿತು? "ಬೆಣೆ ಎರಡು" ಎಂದದ್ದು ಬಿಟ್ಟರೆ ಒಂದು ತಿಂಗಳಾಗಿತ್ತು. ಅದನ್ನು ನಾನು ಆರಾಮ ಎಂದುಕೊಂಡಿದ್ದೆ.

*

ಬಂಡೆ ಸಿಡಿದದ್ದು ಒಂದು ಬುಧವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ. ಅಷ್ಟು ಆಳದಲ್ಲಿ ಕಲ್ಲು ಬರೀ ಬೀಳುವುದಿಲ್ಲ, ಒತ್ತಡಕ್ಕೆ ಸಿಡಿಯುತ್ತದೆ. ನನ್ನ ಮೇಜಿನ ಮೇಲಿನ ಚಹಾದ ಲೋಟ ಅಲುಗಿತು.

ಐದು ನಿಮಿಷದಲ್ಲಿ ಲೆಕ್ಕ ಸಿಕ್ಕಿತು. ಮೂವತ್ತೆಂಟನೆಯ ಲೆವೆಲ್ಲಿನ ಸುರಂಗ ನಡುವೆ ಕುಸಿದಿತ್ತು. ಆಚೆ ಸಿಕ್ಕವನು ಒಬ್ಬನೇ, ಹುಲಿಗೆಪ್ಪ. ಬೆಣೆ ತರಲು ಹೊರಗೆ ಬಂದಿದ್ದ ಲಾಲಸಾಬ ಈಚೆ ಉಳಿದಿದ್ದ. ಕಲ್ಲಿನ ಸಂದಿಯಲ್ಲಿ ಹುಲಿಗೆಪ್ಪನ ಡಬ್ಬಿಯ ದನಿ ಲಾಲಸಾಬನ ಡಬ್ಬಿಗೆ ತೆಳ್ಳಗೆ ತಾಗುತ್ತಿತ್ತು. ಲಾಲಸಾಬನಿಂದ, ಮೇಲಕ್ಕೆ ಹತ್ತುವ ಬಾವಿಯಂಥ ಶಾಫ್ಟ್‌ವರೆಗೆ ಒಟ್ಟು ಹನ್ನೊಂದು ಜನ. ಹನ್ನೊಂದು ತಲೆ ದಾಟಿ ಅದು ನನಗೆ ಬಂತು.

"ಕಾಲಿನ ಮ್ಯಾಲ ಕಲ್ಲು ಅದ. ಅಲುಗಾಡಾಕ ಬರವಲ್ದು. ದೀಪ ಹೋತು."

ಮಣಿಕಟ್ಟಿನ ಹಸಿರು ದೀಪವೂ ಒಡೆದಿತ್ತು. ಅದು ನಮಗೆ ಆಮೇಲೆ ಗೊತ್ತಾದದ್ದು.

ಮ್ಯಾನೇಜರು, ಹಂಚಿನಮನಿ ಮೇಡಂ, ನಾಲ್ಕೈದು ಎಂಜಿನಿಯರುಗಳು ನನ್ನ ಕುರ್ಚಿಯ ಸುತ್ತ ನಿಂತರು. ಕುಸಿದ ಕಲ್ಲು ತೆಗೆಯುವುದಕ್ಕೆ ಮೂರು ದಿನ ಬೇಕು. ಪಕ್ಕದಲ್ಲಿ ಒಂದು ಹಳೆಯ ಸುರಂಗ ಇತ್ತು. ಅಲ್ಲಿಂದ ಗೋಡೆ ಕೊರೆದರೆ ಮೂರೂವರೆ ಗಂಟೆ. ಆದರೆ ಹುಲಿಗೆಪ್ಪ ಸಿಕ್ಕ ಭಾಗ ನೂರಿಪ್ಪತ್ತು ಮೀಟರ್ ಉದ್ದ, ಬಿದ್ದ ಕಲ್ಲು ಅದನ್ನೂ ತುಂಡುತುಂಡು ಮಾಡಿರಬಹುದು. ಅವನಿರುವ ತುಂಡಿಗೇ ಕೊರೆಯಬೇಕು. ಅವನ ಬಳಿ ಉಳಿದ ಗಾಳಿ ಆರು, ಹೆಚ್ಚೆಂದರೆ ಏಳು ಗಂಟೆಗೆ. ತಪ್ಪು ಜಾಗದಲ್ಲಿ ಕೊರೆದರೆ ಎರಡನೆಯ ತೂತಿಗೆ ಸಮಯವಿಲ್ಲ.

ಅವನಿರುವ ಜಾಗ ಹುಡುಕಲು ಇದ್ದದ್ದು ಒಂದೇ ದಾರಿ, ಅವನ ದನಿ. ಹಳೆಯ ಸುರಂಗದಲ್ಲಿ ಅಲ್ಲಲ್ಲಿ ಡಬ್ಬಿ ಇಟ್ಟು, ಯಾವುದಕ್ಕೆ ಎಷ್ಟು ಜೋರಾಗಿ ತಾಗುತ್ತದೆ ಎಂದು ಅಳೆದರೆ ಮೇಡಂ ಅವರ ಪರದೆಯ ಮೇಲೆ ಒಂದು ಗೆರೆ ಬೀಳುತ್ತದೆ. ಒಂದು ಮಾತಿಗೆ ಒಂದು ಗೆರೆ. ಕಲ್ಲು ದನಿಯನ್ನು ಅಡ್ಡಾದಿಡ್ಡಿ ಒಯ್ಯುವುದರಿಂದ ಒಂದು ಗೆರೆಯನ್ನು ನಂಬುವಂತಿಲ್ಲ. ನೂರಾರು ಗೆರೆ ಕೂಡಿದರೆ ಒಂದು ಚುಕ್ಕೆ.

"ಅವರು ಮಾತಾಡ್ತಾ ಇರಬೇಕು," ಎಂದರು ಮೇಡಂ. "ನಿಲ್ಲಿಸಿದ್ರ ಡಬ್ಬಿನೂ ನಿಲ್ತದ."

ನಾನು ಮೈಕಿನಲ್ಲಿ ಹೇಳಿದೆ. "ಹುಲಿಗೆಪ್ಪಾ, ನಾ ಶರಬಕ್ಕ. ನೀ ಮಾತಾಡ್ತಾ ಇರು. ನಿನ್ನ ಮಾತಿನ ಮ್ಯಾಲ ಜಾಗ ಹುಡುಕತಾರ. ಬಾಯಿ ಮುಚ್ಚಬ್ಯಾಡ."

"ಏನು ಮಾತಾಡ್ಲಿ?"

ಮ್ಯಾನೇಜರು, ಒಂದು ಎರಡು ಎಣಿಸಲಿ ಎಂದರು. ಹುಲಿಗೆಪ್ಪ ಎಣಿಸಿದ. ನಲವತ್ತಮೂರಕ್ಕೆ ನಿಂತ. ಕತ್ತಲಲ್ಲಿ, ಕೆಟ್ಟ ಗಾಳಿಯಲ್ಲಿ ಎಣಿಕೆ ನಿದ್ದೆ ತರುತ್ತದೆ. ಕರೆದು ಎಬ್ಬಿಸಿದೆ. ಮತ್ತೆ ಒಂದರಿಂದ ಶುರುಮಾಡಿ ಇಪ್ಪತ್ತಕ್ಕೆ ನಿಂತ.

"ಎಣಿಕಿ ಬಿಡು. ನಿಮ್ಮ ಮಾವನ ಲಗ್ನದ್ದು ಹೇಳು," ಎಂದೆ.

ಸ್ವಲ್ಪ ಹೊತ್ತು ಬಿಟ್ಟು ದನಿ ಬಂತು. "ನಮ್ಮ ಮಾವನ ದಿಬ್ಬಣ ಟ್ರ್ಯಾಕ್ಟರದಾಗ ಹೊಂಟಿತ್ತು." ನಿಂತ. "ಎರಡು ಟ್ರಾಲಿ ಮಂದಿ." ನಿಂತ. "ಯಾರರ ಕೇಳಾಕತ್ತೀರೇನು?"

"ಕೇಳಾಕತ್ತೀನಿ, ಹೇಳು."

"ಆತು. ಎರಡು ಟ್ರಾಲಿ ಮಂದಿ." ನಿಂತ.

"ಸರಿ," ಎಂದೆ.

"ಸರಿ ಅಂದ್ರ ಸಾಕಾತೇನು?"

"ಇಲ್ಲಪ್ಪ. ಹೇಳು, ಹೇಳು."

"ಹೇಳತೀನಿ, ಅವಸರ ಮಾಡಬ್ಯಾಡ ಅಕ್ಕಾ. ಕಾಲು ನೋಯಾಕತ್ತದ." ಮತ್ತೆ ನಿಂತ. ಈ ಸಲ ಎರಡು ನಿಮಿಷ ಏನೂ ಇಲ್ಲ.

ಸರಿ ಎಂದರೆ ಮಾತು ಮುಗಿಯಿತು ಎಂದಾಗುತ್ತಿತ್ತು. ಹೇಳು ಎಂದರೆ ಬೇಗ ಮುಗಿಸು ಎಂದಾಗುತ್ತಿತ್ತು. ನಾನು ಉದ್ದಕ್ಕೆ ಮಾತಾಡಿದರೆ ಅದು ಹನ್ನೊಂದು ತಲೆ ಇಳಿದು ಹೋಗುವವರೆಗೆ ಅವನ ಮಾತು ಮೇಲೆ ಬರುವ ಹಾಗಿಲ್ಲ. ಪರದೆಯ ಮೇಲೆ ಒಂದು ಗಂಟೆಗೆ ಹದಿನೇಳು ಗೆರೆ ಬಿದ್ದಿದ್ದವು. ಮೇಡಂ ಗಡಿಯಾರ ನೋಡಿದರು, ನಾನು ಅವರನ್ನು ನೋಡಿದೆ. ಆಗ ನನಗೆ ನನ್ನದೇ ಗಂಟಲು ಕೇಳಿಸಿತು. ಇಷ್ಟು ಹೊತ್ತೂ ಅವನ ಪ್ರತಿ ಮಾತಿಗೂ ನಾನು ಹೂಂ ಎನ್ನುತ್ತಲೇ ಇದ್ದೆ. ತಿಂಗಳುಗಟ್ಟಲೆ ಬಿಟ್ಟಿದ್ದ ಚಟ, ಹೆದರಿಕೆಗೆ ತಾನೇ ವಾಪಸು ಬಂದಿತ್ತು. ಜರಡಿ ಅದನ್ನೆಲ್ಲ ನನ್ನ ಮೇಜಿನ ಮೇಲೇ ಬಿಸಾಡುತ್ತಿತ್ತು.

"ಮೇಡಂ, ಜರಡಿ ತಗೀರಿ."

"ಏನಂದ್ರಿ?"

"ಅವಗ ಹೂಂ ಹೋಗವಲ್ದು. ಯಾರೂ ಇಲ್ಲ ಅನಕೊಂಡು ನಿಲ್ಲಸಾಕತ್ತಾನ. ನಾ ನಿಮಗ ತಪ್ಪು ಹೇಳಿದ್ದೆ."

ಅವರು ನನ್ನ ಮುಖವನ್ನೇ ನೋಡಿದರು. ಬೈಯಬಹುದಿತ್ತು, ಬೈಯಲಿಲ್ಲ. "ಒಬ್ಬರಿಗೆ ಅಷ್ಟ ತಗಿಯಾಕ ಬರಾಂಗಿಲ್ರಿ ಅಕ್ಕಾರ. ಆ ಸಾಲಿನ ಎಲ್ಲಾ ಡಬ್ಬಿಗೂ ಒಂದ ಜರಡಿ. ತಗದೆ ಅಂದ್ರ ನಡುವಿನ ಹನ್ನೊಂದು ಮಂದಿ ಹೂಂ ಅಂತಾರ. ಹುಲಿಗೆಪ್ಪನವರ ದನಿ ತೆಳ್ಳಗೈತಿ. ಒಂದು ಹೂಂ ಬಿದ್ರೂ ಮುಳುಗಿಹೋಗ್ತದ."

"ಅವರ ಬಾಯಿ ನಾ ಮುಚ್ಚಸ್ತೀನಿ."

"ಮುಚ್ಚಿಕೊಂಡ್ರೂ ಬರ್ತದಲ್ರಿ, ನೀವ ಹೇಳಿದ್ರಿ, ಉಸಿರಿದ್ದಂಗ ಅಂತ."

ಅದು ನಿಜ. ಗೆಳೆಯ ಕಲ್ಲಿನಡಿ ಕೂತು ಕಥೆ ಹೇಳುತ್ತಿರುವಾಗ ಅದನ್ನು ದಾಟಿಸುವವನ ಗಂಟಲು ಸುಮ್ಮನಿರುವುದಿಲ್ಲ. ನನಗೆ ಬಾಣಂತಿ ಕೋಣೆ ನೆನಪಾಯಿತು. ನನ್ನ ಹೆರಿಗೆಯಲ್ಲಿ ಕೂಗಬಾರದೆಂದು ಸೂಲಗಿತ್ತಿ ಬಾಯಿಗೆ ಬಟ್ಟೆ ಕೊಟ್ಟಿದ್ದಳು.

"ಎಲ್ಲರ ಹೆಗಲ ಮ್ಯಾಲೂ ಟವೆಲ್ ಅದಾವ," ಎಂದೆ.

ಬೇರೆ ಲೆವೆಲ್ಲಿನವರನ್ನೆಲ್ಲ ಗಣಿಯ ಲಿಫ್ಟಾದ ಕೇಜಿನಲ್ಲಿ ಮೇಲಕ್ಕೆ ಕರೆಸಿದರು. ಸಾಲಿನ ಹನ್ನೊಂದು ಜನಕ್ಕೆ ನಾನು ಒಬ್ಬೊಬ್ಬರ ಹೆಸರು ಹಿಡಿದು ಹೇಳಿದೆ. ನಿಂತಲ್ಲೇ ಕೂಡ್ರಿ. ಟವೆಲಿನ ಅಂಚು ಸುರುಳಿ ಮಾಡಿ ಹಲ್ಲಿನಲ್ಲಿ ಕಚ್ಚಿಕೊಳ್ಳಿ. ಮೂಗಿನಿಂದ ಉಸಿರಾಡಿ. ಹುಲಿಗೆಪ್ಪ ಏನು ಹೇಳಿದರೂ, ನಗು ಬಂದರೂ, ಅಳು ಬಂದರೂ ಬಾಯಿ ಬಿಡಬೇಡಿ.

ಎಲ್ಲರೂ ಆತು ಎಂದರು. ಲಾಲಸಾಬ ಮಾತ್ರ ಎನ್ನಲಿಲ್ಲ.

"ಅಕ್ಕಾ, ಹೂಂ ಅನ್ನೋದಿದ್ರ ನಾ ಅಂತೀನಿ. ಹದಿನಾರು ವರ್ಷದಿಂದ ಅವನ ಹೂಂ ನಂದು."

"ನಿನ್ನ ಹೂಂ ಅವನ ಮಾತಿನ ಬೆನ್ನ ಹತ್ತಿ ಮ್ಯಾಲ ಬರ್ತದ ಲಾಲಸಾಬ. ಮುಂದ ಹೋಗೂ ಮಾತನ್ನ ತುಳೀತದ. ಕೊನೇ ಬುಟ್ಟಿ ಇಳಿಸಿಕೊಂಡಾಕಿ ನಾನು. ಸಾಲು ಖಾಲಿ ಆದದ್ದು ನನಗಷ್ಟ ತಿಳೀತದ. ಆವಾಗ ನಾ ಅಂತೀನಿ."



"ನಿನಗ ಅಷ್ಟು ಛಂದ ಬರಾಂಗಿಲ್ಲ," ಎಂದ. ಆಮೇಲೆ ಟವೆಲ್ ಕಚ್ಚಿಕೊಂಡ.

ಮೇಡಂ ಜರಡಿ ತೆಗೆದರು.

*

"ಎರಡು ಟ್ರಾಲಿ ಮಂದಿ."

"ಹೂಂ."

ಅಷ್ಟು ಹೊತ್ತು ತಡೆ ತಡೆದು ಬರುತ್ತಿದ್ದ ದನಿಗೆ ಒಂದು ಹಿಡಿ ಸಿಕ್ಕಂತಾಯಿತು. "ಟ್ರ್ಯಾಕ್ಟರ ಹೊಡಿಯಾಂವ ಹೊಸ ವಾಚು ಕಟ್ಟಿದ್ದ."

"ಹೂಂ."

"ದಾರಿ ನೋಡೂದು ಬಿಟ್ಟು ವಾಚ್ ನೋಡಿದಾ. ಬೇವಿನ ಗಿಡದ ಹಂತ್ಯಾಕ ಬಲಕ್ಕ ಹೊಳ್ಳೋದು ಬಿಟ್ಟು ಎಡಕ್ಕ ಹೊಳ್ಳಿದಾ."

"ಹೂಂ."

ಪರದೆಯ ಮೇಲೆ ಗೆರೆ, ಗೆರೆ, ಗೆರೆ. ಅರ್ಧ ಕ್ಷಣದ ಒಂದು ಸದ್ದು, ಎರಡು ಮಾತಿನ ನಡುವಿನ ಸಂದಿಯಲ್ಲಿ ಹಾಯಾಗಿ ಇಳಿದು ಹೋಗುತ್ತಿತ್ತು. ಅವನ ಮಾತಿಗೆ ಎಲ್ಲೂ ಅಡ್ಡ ಬರಲಿಲ್ಲ. "ಇಷ್ಟು ಸಣ್ಣ ಉತ್ತರ ನನಗ ಮಾಡಾಕ ಬಂದಿರಲಿಲ್ಲ," ಎಂದರು ಮೇಡಂ, ನನಗೆ ಹೇಳಿದಂತೆಯೂ ಅಲ್ಲ.

ಹತ್ತೂಮುಕ್ಕಾಲು, ಹನ್ನೊಂದು, ಹನ್ನೊಂದೂವರೆ. ದಿಬ್ಬಣ ದಾರಿ ತಪ್ಪಿ ಬೇರೆ ಊರು ಸೇರಿತು. ಅಲ್ಲಿಯೂ ಅಂದು ಒಂದು ಲಗ್ನ. ಹಂದರ ಇದೆ, ಬಾಜಾ ಇದೆ, ಇವರೆಲ್ಲ ಇಳಿದರು. ಆ ಊರಿನವರು ಪಾನಕ ಕೊಟ್ಟು ಕೂರಿಸಿದರು. ಬೀಗರಿಗೆ ಕೊಡಲು ಒಯ್ದಿದ್ದ ಹೋತವನ್ನು, ಗಡ್ಡದ ಗಂಡು ಆಡನ್ನು, ಹಂದರದ ಗೂಟಕ್ಕೆ ಕಟ್ಟಿದರು.

ಕೊರೆಯುವ ಯಂತ್ರ ಹಳೆಯ ಸುರಂಗಕ್ಕೆ ಇಳಿದಿತ್ತು. ಎಲ್ಲಿ ಇಡುವುದೆಂದು ಕಾಯುತ್ತಿದ್ದರು. ಮ್ಯಾನೇಜರು ನನ್ನ ಮುಂದೆ ಒಂದು ಚೀಟಿ ಇಟ್ಟರು, ಇನ್ನೂ ಅರ್ಧ ಗಂಟೆ ಬೇಕು ಎಂದು. ನಾನು ಅದನ್ನು ಓದುತ್ತ ಹೂಂ ಎಂದೆ.

"ಆ ಹೋತ ದಿನಾ ಎರಡು ಸೇರು ಹಾಲು ಕೊಡ್ತಿತ್ತು."

"ಹೂಂ."

"ಅಕ್ಕಾ. ಹೋತ ಹಾಲು ಕೊಡ್ತದೇನು?"

ನಾನು ಚೀಟಿ ಕೆಳಗಿಟ್ಟೆ.

"ನೀ ಕೇಳಾಕತ್ತಿಲ್ಲ ಬಿಡು. ಬಾಯಿ ಅಷ್ಟ ಅನ್ನಾಕತ್ತದ."

"ತಪ್ಪಾತಪ್ಪಾ. ಹೇಳು. ಈಗ ಕೇಳ್ತೀನಿ."

"ಲಾಲ್ಯಾ ಆಗಿದ್ರ ಅಲ್ಲೇ ಹಿಡೀತಿದ್ದ."

ಸಾಲಿನಲ್ಲಿ ಎಲ್ಲೋ ಒಂದು ಮೂಗಿನ ಸದ್ದು ಬಂತು, ಬಟ್ಟೆಯೊಳಗೆ ಉಸಿರು ಸಿಕ್ಕಿಕೊಂಡಂತೆ. ಒಂದು ಗೆರೆ ಕೆಟ್ಟಿತು. ಹನ್ನೊಂದು ಜನ ಕತ್ತಲಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡು ಕೂತು, ತಮಗೆ ಉತ್ತರಿಸಲು ಬಾರದ ಒಂದು ಕಥೆಯನ್ನು ಕೈಯಿಂದ ಕೈಗೆ ಸಾಗಿಸುತ್ತಿದ್ದರು.

ಅಲ್ಲಿಂದ ಮುಂದೆ ನಾನು ಯಾರ ಚೀಟಿಯನ್ನೂ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡೆ. ಆ ಊರು ಕಂಡಿತು, ಹಂದರ ಕಂಡಿತು. ಅವನು ಬೆರಗಿನಿಂದ ಹೇಳಿದ ಕಡೆ ನನ್ನ ಹೂಂ ಮೇಲೆದ್ದಿತು. ನೋವಿಗೆ ನಿಂತ ಕಡೆ ತಗ್ಗಿತು. ಯಂತ್ರ ಇವನ್ನೆಲ್ಲ ಒಂದೇ ಸದ್ದು ಎಂದು ಕಲಿತಿತ್ತು. ಕಲಿಸಿದವಳು ನಾನೇ.

ಹನ್ನೆರಡು ಹೊಡೆಯುವ ಹೊತ್ತಿಗೆ ಗೆರೆಗಳೆಲ್ಲ ಒಂದು ಕಡೆ ಬಂದು ಸೇರಿದವು. ಕೊರೆಯುವ ಯಂತ್ರ ಮೊರೆಯತೊಡಗಿತು. ಆದರೂ ನಿಲ್ಲಿಸುವಂತಿರಲಿಲ್ಲ. ಕೊರೆಯುತ್ತ ಹೋದ ಹಾಗೆ ದಿಕ್ಕು ತಿದ್ದಬೇಕು, ಮೇಲಾಗಿ ಅವನು ಮಲಗಬಾರದು. ಒಂದು ಗಂಟೆ. ಎರಡು. ನನ್ನ ಶಿಫ್ಟು ಮುಗಿಯಿತು, ಮುಂದಿನವಳು ಬಂದು ಬಾಗಿಲಲ್ಲಿ ನಿಂತಳು. ನಾನು ಕೈಯಿಂದಲೇ ಬೇಡ ಎಂದೆ. ಗಂಟಲು ಉರಿಯುತ್ತಿತ್ತು. ಮೇಡಂ ತಮ್ಮ ಊಟದ ಡಬ್ಬಿಯ ಮಜ್ಜಿಗೆಯನ್ನು ಲೋಟಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು.

ಹುಲಿಗೆಪ್ಪನ ಮಾತು ಸಣ್ಣದಾಗುತ್ತ ಬಂತು. "ಊಟಕ್ಕ ಕುಂತಿದ್ವಿ."

"ಹೂಂ."

"ಒಬ್ಬ ಹಿರ್ಯಾ ಬಂದ. ನೀವು ಯಾರ ಕಡ್ಯಾವರು ಅಂತ ಕೇಳಿದಾ."

"ಹೂಂ."

ಮುಂದೆ ಬರಲಿಲ್ಲ.

ಎಣಿಸಿದೆ. ಐದು ಉಸಿರು, ಹತ್ತು ಉಸಿರು. ಆಗ ಎರಡೂವರೆ. ಗೋಡೆ ಇನ್ನೂ ಒಂದು ಮೀಟರ್ ಇದೆ ಎಂದರು ಮೇಡಂ. ಕರೆಯಿರಿ ಎಂದರು ಮ್ಯಾನೇಜರು. ಕರೆದೆ. ಉತ್ತರವಿಲ್ಲ. ಮತ್ತೆ ಕರೆಯಲು ಹೋದರೆ ಗಂಟಲಿನಿಂದ ಹೆಸರು ಹೊರಡಲಿಲ್ಲ, ಒಡೆದುಹೋಯಿತು. ಹೊರಟದ್ದು ಒಂದೇ.

"ಹೂಂ," ಎಂದೆ.

ಯಾವ ಮಾತಿಗೂ ಅಲ್ಲ. ಅವನ ಮಾತಿನ ನಡುವೆ ಎಷ್ಟು ಹೊತ್ತು ಇರುತ್ತಿತ್ತೋ ಅಷ್ಟು ಹೊತ್ತು ಬಿಟ್ಟು ಮತ್ತೆ, ಹೂಂ. ಮತ್ತೆ. ಮ್ಯಾನೇಜರು ನನ್ನ ಹೆಗಲು ಮುಟ್ಟಲು ಬಂದರು. ಮೇಡಂ ಅವರ ಕೈ ಹಿಡಿದು ತಡೆದರು. ಹನ್ನೊಂದು ಜನರೂ ಅದನ್ನು ಇಳಿಸುತ್ತ ಹೋದರು. ಕೆಳಗಿನಿಂದ ಏನೂ ಬರಲಿಲ್ಲ. ಮುಕ್ಕಾಲು ಗಂಟೆ ನಾನು ಖಾಲಿ ಕತ್ತಲಿಗೆ ಹೂಂ ಎನ್ನುತ್ತ ಕೂತಿದ್ದೆ.

ಮೂರೂಕಾಲಿಗೆ ಗೋಡೆ ಒಡೆಯಿತು.

*

ಕೇಜಿನಿಂದ ಸ್ಟ್ರೆಚರ್ ಇಳಿಸುವಾಗ ಈರಮ್ಮ ಅವನ ತಲೆಯ ಬಳಿ ನಡೆಯುತ್ತಿದ್ದಳು. ಬಲಗಾಲು ನೋಡುವ ಹಾಗಿರಲಿಲ್ಲ. ಅವನು ಇನ್ನು ಕೆಳಗೆ ಇಳಿಯುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಹಿಂದೆ ಲಾಲಸಾಬ ಬಂದ. ಬಾಯಿಯ ಎರಡೂ ಮೂಲೆ ಹರಿದಿದ್ದವು, ಟವೆಲಿನ ನೂಲು ತುಟಿಗೆ ಅಂಟಿತ್ತು.

ಹುಲಿಗೆಪ್ಪ ಕಣ್ಣು ಬಿಟ್ಟು ನನ್ನನ್ನು ಹುಡುಕಿದ. ಬಗ್ಗಿದೆ.

"ಬಾಯಿ ಒಣಗಿ ನಾಲಿಗಿ ಹೊಳ್ಳಲಿಲ್ಲ ಅಕ್ಕಾ," ಎಂದ. "ಮಲಗಿಬಿಡಬೇಕು ಅನಸ್ತು. ನಿನ್ನ ಹೂಂ ನಿಲ್ಲವಲ್ದು. ಹೂಂ ಅನ್ನಾವರು ಇನ್ನೂ ಕುಂತಾರ, ಹೆಂಗ ಮಲಗ್ಲಿ?"

ಲಾಲಸಾಬ ನನ್ನ ಕಡೆ ನೋಡಿದ. "ನಡುವ ಒಂದೆರಡು ಕಡೆ ತಡ ಮಾಡಿದಿ," ಎಂದ. "ಇರಲಿ. ನಡೀತದ."

ಕಂಟ್ರೋಲ್ ರೂಮಿಗೆ ಚೀಲ ತರಲು ಹೋದಾಗ ಮೇಡಂ ಒಬ್ಬರೇ ಪರದೆಯ ಮುಂದೆ ಕೂತಿದ್ದರು. ದಿನದ ಪಟ್ಟಿ ತೆರೆದಿತ್ತು. ಹುಲಿಗೆಪ್ಪನ ಮಾತುಗಳು ಒಂದು ಕಡೆ. ನನ್ನ ಹೂಂಗಳು ಇನ್ನೊಂದು ಕಡೆ, ಗದ್ದಲ ಎಂಬ ತಲೆಬರಹದ ಕೆಳಗೆ. ಯಂತ್ರ ತಾನು ಕಲಿತಂತೆಯೇ ವಿಂಗಡಿಸಿತ್ತು.

"ಜರಡಿ ಪೂರ್ತಿ ತಗದ್ರ ಮತ್ತ ಮೊದಲಿನ ಕತಿನ," ಎಂದರು. "ಇನ್ನೊಬ್ಬರ ಹೆಗಲು ಮುರೀತದ. ಇಟ್ರ ಹಿಂಗ. ಏನು ಮಾಡೂದ್ರಿ ಅಕ್ಕಾರ?"

ನನಗೆ ದನಿ ಇರಲಿಲ್ಲ. ಅವರ ಪೆನ್ನು ತೆಗೆದುಕೊಂಡು ಚೀಟಿಯ ಮೇಲೆ ಬರೆದೆ. ಪಾಳಿ ಹಾಕಿರಿ. ಒಂದು ಸಾಲಿಗೆ ಒಬ್ಬರು, ದಿನಕ್ಕೆ ಒಬ್ಬರು. ಅವರ ಹೂಂ ಹೋಗಲಿ, ಉಳಿದವರದ್ದು ಜರಡಿಯಲ್ಲಿ ನಿಲ್ಲಲಿ. ಎಲ್ಲರ ಬಾಯಿ ಮುಚ್ಚುವುದು ಬೇಡ. ಇವತ್ತು ಕೇಳುವ ಸರದಿ ಯಾರದು ಎಂದು ಹೇಳುವವನಿಗೆ ಗೊತ್ತಿದ್ದರೆ ಸಾಕು.

ಮೇಡಂ ಓದಿದರು. "ಒಂದ ಜರಡಿ ಇದ್ದದ್ದನ್ನ ನೂರ ನಲವತ್ತು ಮಾಡಬೇಕಾಗ್ತದ. ಎರಡು ತಿಂಗಳ ಕೆಲಸ," ಎಂದರು. ಬೇಡ ಎನ್ನಲಿಲ್ಲ. ಕೊನೆಗೂ ಊಟದ ಡಬ್ಬಿ ತೆರೆದು ತಣ್ಣಗಾದ ರೊಟ್ಟಿ ಮುರಿದರು.

ಬಸ್ಸಿಳಿದು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ನಮ್ಮ ಮನೆಯವರಿಗೆ ಸುದ್ದಿ ಮುಟ್ಟಿತ್ತು. ಅನ್ನಕ್ಕೆ ಇಟ್ಟು, ಟಿವಿ ಆರಿಸಿ, ಕಟ್ಟೆಯ ಮೇಲೆ ಕೂತಿದ್ದರು. ನಾನು ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತೆ. ಅವರು ಆ ಹೆಸರುಕಾಳಿನ ಸಂಜೆ ಅರ್ಧಕ್ಕೆ ಬಿಟ್ಟದ್ದನ್ನು ಎತ್ತಿಕೊಂಡರು.

"ಮೂವತ್ತನೆಯ ಲೆವೆಲ್ ತೋಡೂ ಮುಂದ ನಾನೂ ಒಮ್ಮೆ ಹಂಗ ಸಿಕ್ಕಿದ್ದೆ. ನಿನಗ ಹೇಳಿರಲಿಲ್ಲ."

ನಿಂತರು. ಉಸಿರಿಗೋ, ನನಗೋ.

ನನ್ನ ಗಂಟಲಲ್ಲಿ ಉಳಿದದ್ದು ಅದೊಂದೇ ಸದ್ದು. "ಹೂಂ," ಎಂದೆ.

ಅವರು ಮುಂದೆ ಹೇಳಿದರು.